ಮೀಡಿಯಾ ತನ್ನ ಮಕ್ಕಳನ್ನು ತಾನೇ ಕೊಂದಳೇ?

ಪ್ರಶ್ನೆ: ಗಂಡನ ಮೇಲಿನ ಸೇಡಿಗೆ ಮೀಡಿಯಾ ಹೆತ್ತ ಮಕ್ಕಳನ್ನೇ ಕೊಂದಳು ಅಂತ ಎಲ್ಲ ಕಡೆ ಓದುತ್ತೇವೆ. ಗ್ರೀಕರಲ್ಲಿ ಇದ್ದದ್ದು ಈ ಒಂದೇ ಕಥೆಯಾ?

ಉತ್ತರ: ಟಿವಿಯವರ ಮೀಡಿಯಾಗೂ ಇವಳಿಗೂ ಸಂಬಂಧವಿಲ್ಲ, ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ, ಏನು ಮಾಡೋಣ!

ಒಂದೇ ಕಥೆ ಖಂಡಿತ ಇರಲಿಲ್ಲ. ನಾವೆಲ್ಲ ಕೇಳಿರುವುದು ಹಳೆಯ ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕದ ಕಥೆ. ಮೀಡಿಯಾ ಕಪ್ಪು ಸಮುದ್ರದಾಚೆಯ ಕೋಲ್ಕಿಸ್, ಅಂದರೆ ಇವತ್ತಿನ ಜಾರ್ಜಿಯಾ ಕಡೆಯ ರಾಜಕುಮಾರಿ, ಮದ್ದು ಮಾಟ ಬಲ್ಲವಳು. ಗ್ರೀಕ್ ವೀರ ಜೇಸನ್ನನಿಗಾಗಿ ಅಪ್ಪನಿಗೆ ಎರಡು ಬಗೆದು ಊರು ಬಿಟ್ಟು ಬರುತ್ತಾಳೆ. ಅವನೋ, ಗ್ರೀಸಿನ ಕೊರಿಂತ್ ಪಟ್ಟಣಕ್ಕೆ ಬಂದ ಮೇಲೆ ಅಲ್ಲಿನ ರಾಜನ ಮಗಳ ಕೈ ಹಿಡಿಯುತ್ತಾನೆ. ಮೀಡಿಯಾ ಮಕ್ಕಳ ಕೈಯಲ್ಲಿ ವಿಷ ಸವರಿದ ಉಡುಗೆ ಕಳಿಸಿ ಸವತಿಯನ್ನು ಸುಡುತ್ತಾಳೆ, ಆಮೇಲೆ ಆ ಮಕ್ಕಳನ್ನೂ ಕೊಲ್ಲುತ್ತಾಳೆ. ಕೊಲೆ ರಂಗದ ಮೇಲೆ ಕಾಣುವುದಿಲ್ಲ, ಮನೆಯೊಳಗಿಂದ ಮಕ್ಕಳ ಕೂಗು ಮಾತ್ರ ಕೇಳುತ್ತದೆ. ಅದಕ್ಕೆ ಮುಂಚೆ ಅವಳು ಆ ಎಳೆಯ ಚರ್ಮ ಎಷ್ಟು ಮೆತ್ತಗೆ, ಉಸಿರು ಎಷ್ಟು ಸಿಹಿ ಎಂದು ಕರಗುತ್ತಾಳೆ, ಮನಸ್ಸು ಬದಲಿಸುತ್ತಾಳೆ, ಮತ್ತೆ ಬದಲಿಸುತ್ತಾಳೆ. ನನಗೆ ಕೊಲೆಗಿಂತ ಭಯಂಕರ ಅನಿಸುವುದು ಆ ಮಾತುಗಳೇ. ಕ್ರಿ.ಪೂ. 431ರಲ್ಲಿ ಅಥೆನ್ಸಿನಲ್ಲಿ ಆಡಿದಾಗ ಸ್ಪರ್ಧೆಯ ಮೂವರಲ್ಲಿ ಯೂರಿಪಿಡೀಸನಿಗೆ ಮೂರನೇ ಸ್ಥಾನ!

ಕೊರಿಂತಿನಲ್ಲಿ ಬೇರೆ ಕಥೆಗಳಿದ್ದವು. ಕ್ರಿ.ಶ. 2ನೇ ಶತಮಾನದಲ್ಲಿ ಆ ಊರನ್ನು ಕಂಡು ಬರೆದ ಗ್ರೀಕ್ ಪ್ರವಾಸಿ ಪೌಸೇನಿಯಸ್ ಎರಡು ಕಥೆ ಹೇಳುತ್ತಾನೆ. ಒಂದರಲ್ಲಿ ಮೀಡಿಯಾ ಹುಟ್ಟಿದ ಒಂದೊಂದು ಕೂಸನ್ನೂ ಹೇರಾ ದೇವಿಯ ಗುಡಿಗೆ ಒಯ್ದು ಬಚ್ಚಿಡುತ್ತಾಳೆ. ಹಾಗೆ ಮಾಡಿದರೆ ಮಕ್ಕಳಿಗೆ ಸಾವಿಲ್ಲ ಎಂಬ ನಂಬಿಕೆ. ಅದು ಸುಳ್ಳಾಗುತ್ತದೆ, ಜೇಸನ್ ಅವಳನ್ನು ಕ್ಷಮಿಸದೆ ಬಿಟ್ಟುಹೋಗುತ್ತಾನೆ. ಇನ್ನೊಂದರಲ್ಲಿ ಮರ್ಮೆರಸ್, ಫೆರೆಸ್ ಎಂಬ ಅವಳ ಇಬ್ಬರು ಹುಡುಗರನ್ನು, ಆ ವಿಷದ ಉಡುಗೊರೆ ತಂದರೆಂದು ಊರವರೇ ಕಲ್ಲು ಹೊಡೆದು ಕೊಲ್ಲುತ್ತಾರೆ.

ಈ ಎರಡನೆಯದು ಬರೀ ಬಾಯಿಮಾತಾಗಿ ಉಳಿದಿರಲಿಲ್ಲ. ಅನ್ಯಾಯವಾಗಿ ಸತ್ತ ಆ ಹುಡುಗರಿಂದಾಗಿ ಊರಿನ ಹಸುಗೂಸುಗಳು ಸಾಯತೊಡಗಿದವಂತೆ. ದೈವವಾಣಿಯ ಅಪ್ಪಣೆಯಂತೆ ಕೊರಿಂತಿನವರು ವರ್ಷವರ್ಷ ಬಲಿ ಕೊಟ್ಟರು, ಊರಿನ ಮಕ್ಕಳು ತಲೆಗೂದಲು ಕತ್ತರಿಸಿಕೊಂಡು ಕಪ್ಪು ಬಟ್ಟೆ ಉಟ್ಟರು. ಕೊಂದವಳು ತಾಯಿಯಾಗಿದ್ದರೆ ಇಡೀ ಊರು ಪ್ರಾಯಶ್ಚಿತ್ತ ಮಾಡಿಕೊಳ್ಳುವುದು ಯಾಕೆ? ಐದು ಟ್ಯಾಲೆಂಟ್ (ಗ್ರೀಕರ ಹಣದ ದೊಡ್ಡ ಅಳತೆ) ಕೊಟ್ಟು ಕೊರಿಂತಿನವರೇ ಯೂರಿಪಿಡೀಸನ ಕೈಲಿ ಕಥೆ ತಿರುಗಿಸಿದರು ಎಂಬ ಗುಸುಗುಸು ನಾಟಕದ ಹಳೆಯ ಟಿಪ್ಪಣಿಗಳಲ್ಲೇ ಇದೆ. ಲಂಚದ ಮಾತನ್ನು ನಾನು ನಂಬುವುದಿಲ್ಲ. ಆದರೆ ಆ ಗುಸುಗುಸು ಹುಟ್ಟಬೇಕಾದರೆ ತಪ್ಪು ಊರಿನದೆಂದು ಬಲ್ಲ ಜನ ಇದ್ದಿರಲೇಬೇಕು.

ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂತನ್ನು ನೆಲಸಮ ಮಾಡಿದರು. ಹಳೆಯ ಜನ ಹೋದರು. ಹೊಸದಾಗಿ ಬಂದು ನೆಲೆಸಿದವರು ಬಲಿಯನ್ನೂ ಕಪ್ಪು ಬಟ್ಟೆಯನ್ನೂ ಕೈಬಿಟ್ಟರು. ಆ ಹುಡುಗರ ಸಾವಿಗೆಂದು ನಿಲ್ಲಿಸಿದ್ದ ‘ಭಯ’ದ ಮೂರ್ತಿ ಮಾತ್ರ ಪೌಸೇನಿಯಸನ ಕಾಲಕ್ಕೂ ಇತ್ತು, ನೋಡಿದರೆ ಎದೆ ಝಲ್ಲೆನ್ನುವಂಥ ಒಂದು ಹೆಂಗಸಿನ ರೂಪದಲ್ಲಿ.