18 ವೋಲ್ಟ್ ಮಾಡ್: ಆಕ್ಟಿವ್ ಪಿಕಪ್ಪಿನ ಹೆಡ್‌ರೂಮ್

ಗಿಟಾರ್ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ಲಾಗಿಸುವ ಭಾಗವೇ ಪಿಕಪ್; ಬ್ಯಾಟರಿಯಿಂದ ನಡೆಯುವ ಬಗೆಯದು ಆಕ್ಟಿವ್ ಪಿಕಪ್. ಅದನ್ನು ಅಳವಡಿಸಿದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದು 9 ವೋಲ್ಟ್ ಬ್ಯಾಟರಿಯ ಬದಲು ಅಂಥವೇ ಎರಡನ್ನು ಸರಣಿಯಲ್ಲಿ ಜೋಡಿಸಿ, ಪಿಕಪ್ಪಿನೊಳಗಿನ ಪ್ರೀಆಂಪಿಗೆ (ಸಿಗ್ನಲ್ಲನ್ನು ಹಿಗ್ಗಿಸುವ ಸರ್ಕ್ಯೂಟಿಗೆ) 18 ವೋಲ್ಟ್ ಒದಗಿಸುವ ಮಾರ್ಪಾಡನ್ನು ಗಿಟಾರ್ ವಾದಕರು ‘18 ವೋಲ್ಟ್ ಮಾಡ್’ ಎಂದು ಕರೆಯುತ್ತಾರೆ. ಇದರಿಂದ ಗಿಟಾರಿನ ನಾದ ತೆರೆದುಕೊಳ್ಳುತ್ತದೆ ಎನ್ನುವವರಿದ್ದಾರೆ; ಯಾವ ವ್ಯತ್ಯಾಸವೂ ಕೇಳಿಸಲಿಲ್ಲ ಎನ್ನುವವರೂ ಅಷ್ಟೇ ಮಂದಿ ಇದ್ದಾರೆ. ಎರಡೂ ಅನುಭವಗಳು ನಿಜವಾಗಿರಲು ಸಾಧ್ಯ. ಅದು ಹೇಗೆಂಬುದು ತಿಳಿಯಬೇಕಾದರೆ ಹೆಡ್‌ರೂಮ್ ಎಂಬ ಪರಿಕಲ್ಪನೆಯನ್ನು ಅರ್ಥ ಮಾಡಿಕೊಳ್ಳಬೇಕು.

ಸಾಮಾನ್ಯ ಪ್ಯಾಸಿವ್ ಪಿಕಪ್ಪಿನಲ್ಲಿ ಅಯಸ್ಕಾಂತದ ಸುತ್ತ ಬಲು ತೆಳುವಾದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ವಿದ್ಯುತ್ ತಡೆ) ಹೆಚ್ಚು; ಆದ್ದರಿಂದಲೇ ಕೇಬಲ್ ಉದ್ದವಾದಷ್ಟೂ ಮೇಲಿನ ಸ್ವರಾಂಶಗಳು ಮಸುಕಾಗುತ್ತವೆ. ಆಕ್ಟಿವ್ ಪಿಕಪ್ಪಿನಲ್ಲಿ ಸುತ್ತುಗಳು ಕಡಿಮೆ, ಸುರುಳಿಯಿಂದ ಬರುವ ಸಿಗ್ನಲ್ಲೂ ಚಿಕ್ಕದು. ಅದನ್ನು ಪಿಕಪ್ಪಿನೊಳಗೇ ಕೂತಿರುವ ಒಂದು ಪುಟ್ಟ ಪ್ರೀಆಂಪ್ ಹಿಗ್ಗಿಸಿ, ಕಡಿಮೆ ಇಂಪೀಡೆನ್ಸಿನಲ್ಲಿ ಹೊರಗೆ ಕಳುಹಿಸುತ್ತದೆ. ರಾಬ್ ಟರ್ನರ್ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ, ಇಂದು ಇಎಂಜಿ ಎಂದು ಹೆಸರಾಗಿರುವ ಸಂಸ್ಥೆಯ ಹೆಸರಾಂತ ಪಿಕಪ್ಪುಗಳು ಈ ಬಗೆಯವು. ಇವುಗಳಿಗೆ ಪ್ಯಾಸಿವ್ ಗಿಟಾರಿನ 250 ಅಥವಾ 500 ಕಿಲೋಓಮ್ ಪಾಟ್‌ಗಳ (ದನಿ, ಟೋನ್ ಹೊಂದಿಸುವ ನಾಬ್‌ಗಳ ಕೆಳಗಿನ ರೆಸಿಸ್ಟರುಗಳ) ಬದಲು 25 ಕಿಲೋಓಮ್ ಪಾಟ್‌ಗಳನ್ನು ಹಾಕುವುದಕ್ಕೂ ಈ ಕಡಿಮೆ ಇಂಪೀಡೆನ್ಸೇ ಕಾರಣ.

ಪ್ರೀಆಂಪ್ ಎಷ್ಟೇ ಒಳ್ಳೆಯದಾದರೂ ತನಗೆ ಸಿಗುವ ವೋಲ್ಟೇಜಿನ ಎಲ್ಲೆಯನ್ನು ಮೀರಿ ಸಿಗ್ನಲ್ ಕೊಡಲಾರದು. ಗಿಟಾರಿನ ಸಿಗ್ನಲ್ ಸೊನ್ನೆಯ ಮೇಲಕ್ಕೂ ಕೆಳಕ್ಕೂ ತೂಗುವಂಥದ್ದು. ಬ್ಯಾಟರಿ ಕೊಡುವುದಾದರೋ ಒಂದೇ ದಿಕ್ಕಿನ ವೋಲ್ಟೇಜು. ಹೀಗಾಗಿ ಪ್ರೀಆಂಪಿನೊಳಗೆ ಸಿಗ್ನಲ್ಲನ್ನು ಬ್ಯಾಟರಿಯ ಅರ್ಧ ವೋಲ್ಟೇಜಿನ ಮೇಲೆ, ಅಂದರೆ 9 ವೋಲ್ಟಿಗೆ 4.5ರ ಮೇಲೆ, ನಿಲ್ಲಿಸಲಾಗುತ್ತದೆ. ಅಲ್ಲಿಂದ ಅದು ಮೇಲಕ್ಕೆ 4.5, ಕೆಳಕ್ಕೆ 4.5 ವೋಲ್ಟಿನಷ್ಟು ತೂಗಬಹುದು ಎಂಬುದು ಕಾಗದದ ಮೇಲಿನ ಲೆಕ್ಕ. ವಾಸ್ತವದಲ್ಲಿ ಬಹುಪಾಲು ಆಪ್‌ಆಂಪ್‌ಗಳು (ಪ್ರೀಆಂಪಿನಲ್ಲಿ ಸಿಗ್ನಲ್ ಹಿಗ್ಗಿಸುವ ಚಿಪ್ಪುಗಳು) ಎರಡೂ ತುದಿಗಳನ್ನು ಪೂರ್ತಿ ಮುಟ್ಟುವುದಿಲ್ಲ. ಎರಡೂ ಕಡೆ ಒಂದೊಂದು ವೋಲ್ಟ್ ಕೈಬಿಡುತ್ತದೆ ಎಂದಿಟ್ಟುಕೊಂಡರೆ ಉಳಿಯುವುದು ಆಚೆ 3.5, ಈಚೆ 3.5 ಮಾತ್ರ. ಸಾಧಾರಣವಾಗಿ ನುಡಿಸುವಾಗಿನ ಸಿಗ್ನಲ್ಲಿಗೂ ಈ ಮಿತಿಗೂ ನಡುವೆ ಉಳಿದಿರುವ ಅವಕಾಶವೇ ಹೆಡ್‌ರೂಮ್. ಪಿಕ್ಕಿನಿಂದ ಆರೂ ತಂತಿಗಳನ್ನು ಬಲವಾಗಿ ಬಾರಿಸಿದಾಗ ಮೊದಲ ಕ್ಷಣದಲ್ಲಿ ಏಳುವ ಅಲೆಯ ಶಿಖರ, ಅದರ ಹಿಂದೆ ಬರುವ ನಾದಕ್ಕಿಂತ ಹಲವು ಪಟ್ಟು ಎತ್ತರವಿರುತ್ತದೆ. ಆ ಶಿಖರ ಮಿತಿಯನ್ನು ಮುಟ್ಟಿದರೆ ಅದರ ತಲೆ ಕತ್ತರಿಸಿ ಹೋಗಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಸಾಮಾನ್ಯವಾಗಿ ಇದು ಒಡೆದ ದನಿಯಾಗಿ ಕೇಳಿಸುವುದಿಲ್ಲ, ಏಕೆಂದರೆ ಕತ್ತರಿಸಿ ಹೋಗುವುದು ಕೆಲವೇ ಮಿಲಿಸೆಕೆಂಡುಗಳ ಭಾಗ. ಕಿವಿಗೆ ತಿಳಿಯುವುದು ಮೀಟಿನ ಮೊನೆ ಮೊಂಡಾದಂತೆ, ಮೆಲ್ಲಗೆ ನುಡಿಸಿದ್ದಕ್ಕೂ ಜೋರಾಗಿ ನುಡಿಸಿದ್ದಕ್ಕೂ ಅಂತರ ಕುಗ್ಗಿದಂತೆ. ಆಕ್ಟಿವ್ ಪಿಕಪ್ಪುಗಳ ನಾದ ‘ನಿರ್ಜೀವ’ ಎಂಬ ಹಳೆಯ ದೂರಿನ ಒಂದು ಪಾಲು ಇಲ್ಲಿಂದಲೇ ಹುಟ್ಟಿದ್ದು ಎಂದು ನಾನು ನಂಬುತ್ತೇನೆ.

ಪೂರೈಕೆಯನ್ನು 18 ವೋಲ್ಟಿಗೆ ಏರಿಸಿದರೆ ಮಧ್ಯಬಿಂದು 9ಕ್ಕೆ ಸರಿಯುತ್ತದೆ, ಎರಡೂ ಕಡೆ ಸುಮಾರು 8 ವೋಲ್ಟಿನಷ್ಟು ತೂಗಲು ಜಾಗ ಸಿಗುತ್ತದೆ. ವೋಲ್ಟೇಜು ಇಮ್ಮಡಿಯಾದರೆ ಆಗುವ ಏರಿಕೆ 6 ಡೆಸಿಬೆಲ್ (ಸಿಗ್ನಲ್ ಮಟ್ಟಗಳ ಅನುಪಾತದ ಅಳತೆ). ತುದಿಗಳಲ್ಲಿ ಕೈಬಿಡುವ ಭಾಗ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುವುದರಿಂದ ನಮ್ಮ ಉದಾಹರಣೆಯಲ್ಲಿ ಲಾಭ 7 ಡೆಸಿಬೆಲ್‌ಗೂ ತುಸು ಹೆಚ್ಚು. ಆದರೆ ಈ ಡೆಸಿಬೆಲ್‌ಗಳು ಹೆಡ್‌ರೂಮಿಗೆ ಸೇರಿದವೇ ಹೊರತು ದನಿಯ ಜೋರಿಗೆ ಅಲ್ಲ. ಪ್ರೀಆಂಪ್ ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು ನಿರ್ಧರಿಸುವುದು ಅದರ ರೆಸಿಸ್ಟರುಗಳು, ಬ್ಯಾಟರಿಯಲ್ಲ. ಮೆಲ್ಲಗೆ ಮೀಟಿದ ಸ್ವರ 9 ವೋಲ್ಟಿನಲ್ಲಿ ಎಷ್ಟು ಜೋರಾಗಿತ್ತೋ 18ರಲ್ಲೂ ಅಷ್ಟೇ ಇರುತ್ತದೆ. ಬೇಸ್, ಟ್ರೆಬಲ್‌ಗಳ ಸಮತೋಲವೂ ಬದಲಾಗದು. ಬದಲಾಗುವುದು ಮೊದಲು ಕತ್ತರಿಸಿ ಹೋಗುತ್ತಿದ್ದ ಶಿಖರಗಳು ಮಾತ್ರ. ಯಾರ ಶಿಖರಗಳು ಮೊದಲಿನಿಂದಲೂ ಕತ್ತರಿಸದೆ ಹಾದುಹೋಗುತ್ತಿದ್ದವೋ ಅವರಿಗೆ, ಅಂದರೆ ಹಗುರ ಕೈಯವರಿಗೆ, ಈ ಮಾಡ್ ಏನನ್ನೂ ಕೊಡುವುದಿಲ್ಲ.

ಸಿಗ್ನಲ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಗಿಟಾರಿನಿಂದ ಹೊರಟ ಎತ್ತರದ ಶಿಖರ 9 ವೋಲ್ಟಿನಲ್ಲಿ ನಡೆಯುವ ಪೆಡಲ್ (ಕಾಲಿನಿಂದ ಒತ್ತಿ ನಾದ ಮಾರ್ಪಡಿಸುವ ಪೆಟ್ಟಿಗೆ) ಒಂದನ್ನು ಹೊಕ್ಕರೆ, ತಪ್ಪಿಸಿಕೊಂಡ ಕ್ಲಿಪ್ಪಿಂಗ್ ಅಲ್ಲಿ ಕಾದು ಕೂತಿರುತ್ತದೆ. ವಾಲ್ವ್ ಆಂಪ್ಲಿಫೈಯರಿನ ಮೊದಲ ಹಂತದಲ್ಲಿ ಸಾಮಾನ್ಯವಾಗಿರುವ 12ಎಎಕ್ಸ್7 ಟ್ರಯೋಡ್ ವಾಲ್ವಿನ ಬಯಾಸ್ (ಸಿಗ್ನಲ್ ಇಲ್ಲದಾಗಲೂ ಅದಕ್ಕೆ ಕೊಟ್ಟಿರುವ ಸ್ಥಿರ ವೋಲ್ಟೇಜು) ಸುಮಾರು ಒಂದೂವರೆ ವೋಲ್ಟ್. ಅದಕ್ಕಿಂತ ಎತ್ತರದ ಅಲೆ ಹೇಗಿದ್ದರೂ ಅಲ್ಲಿ ಬಾಗುತ್ತದೆ. ಹೆಚ್ಚು ಗೇನ್ (ಹಿಗ್ಗಿಸುವ ಪ್ರಮಾಣ) ಇಟ್ಟು ಭಾರೀ ಡಿಸ್ಟಾರ್ಷನ್‌ನಲ್ಲಿ ನುಡಿಸುವವರಿಗೆ ಮೀಟಿನ ಆರಂಭದ ಸ್ಪರ್ಶದಲ್ಲಿ ತುಸು ವ್ಯತ್ಯಾಸ ಕಾಣಬಹುದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ಸ್ವಚ್ಛ ನಾದದಲ್ಲಿ ಗಟ್ಟಿಯಾಗಿ ನುಡಿಸುವವರಿಗೆ, ನೇರವಾಗಿ ಆಡಿಯೊ ಇಂಟರ್‌ಫೇಸಿಗೆ ಜೋಡಿಸಿ ಧ್ವನಿಮುದ್ರಿಸುವವರಿಗೆ, ಎಲ್ಲಕ್ಕಿಂತ ಮಿಗಿಲಾಗಿ ತಂತಿಗಳನ್ನು ಹೆಬ್ಬೆರಳಿನಿಂದ ಹೊಡೆದು ನುಡಿಸುವ ಸ್ಲ್ಯಾಪ್ ಶೈಲಿಯ ಬೇಸ್ ವಾದಕರಿಗೆ ಇದರ ಪ್ರಯೋಜನ ದೊಡ್ಡದು. ಬೇಸ್ ಗಿಟಾರಿನ ಈಕ್ವಲೈಸರಿನಲ್ಲಿ ಮಂದ್ರವನ್ನು ಏರಿಸಿದಾಗ ಹೆಡ್‌ರೂಮ್ ಬೇಗನೆ ಮುಗಿದುಹೋಗುತ್ತದೆ. 1976ರಲ್ಲಿ 9 ವೋಲ್ಟ್ ಪ್ರೀಆಂಪಿನೊಂದಿಗೆ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್‌ಗೆ 2018ರ ಸ್ಪೆಷಲ್ ಆವೃತ್ತಿಯಲ್ಲಿ ಕಾರ್ಖಾನೆಯಿಂದಲೇ 18 ವೋಲ್ಟ್ ಪ್ರೀಆಂಪ್ ಬಂದಿದ್ದನ್ನು ಇಲ್ಲಿ ನೆನೆಯಬಹುದು.

ಹೆಚ್ಚು ಜನ ಗಮನಿಸದ ಲಾಭ ಇನ್ನೊಂದಿದೆ. ಆಲ್ಕಲೈನ್ ಬ್ಯಾಟರಿಯೊಳಗೆ ಒಂದೂವರೆ ವೋಲ್ಟಿನ ಆರು ಕೋಶಗಳಿರುತ್ತವೆ. ಬಳಸುತ್ತಾ ಹೋದಂತೆ ಅದರ ವೋಲ್ಟೇಜು 9ರಿಂದ 8ಕ್ಕೆ, 7ಕ್ಕೆ ನಿಧಾನವಾಗಿ ಇಳಿಯುತ್ತದೆ. ಒಂದೇ ಬ್ಯಾಟರಿಯಿದ್ದಾಗ ಈ ಇಳಿತದ ಪ್ರತಿ ಹೆಜ್ಜೆಯೂ ಇಕ್ಕಟ್ಟಾದ ಜಾಗವನ್ನು ಮತ್ತಷ್ಟು ಇಕ್ಕಟ್ಟಾಗಿಸುತ್ತದೆ. ಎರಡಿದ್ದಾಗ ಎರಡೂ 7ಕ್ಕೆ ಇಳಿದರೂ ಪ್ರೀಆಂಪಿಗೆ 14 ವೋಲ್ಟ್ ಸಿಗುತ್ತಲೇ ಇರುತ್ತದೆ. ಬ್ಯಾಟರಿ ಎರಡಾದ ಮಾತ್ರಕ್ಕೆ ಬಾಳಿಕೆ ಎರಡು ಪಟ್ಟಾಗುವುದಿಲ್ಲ. ಸರಣಿಯಲ್ಲಿ ಒಂದೇ ವಿದ್ಯುತ್ಪ್ರವಾಹ ಎರಡರ ಮೂಲಕವೂ ಹರಿಯುತ್ತದೆ. ಇಎಂಜಿ 81ರಂಥ ಪಿಕಪ್ ಎಳೆಯುವುದು ಸುಮಾರು 80 ಮೈಕ್ರೋಆಂಪಿಯರ್ ಮಾತ್ರ ಆದ್ದರಿಂದ ಬಾಳಿಕೆಯ ಚಿಂತೆ ಅಷ್ಟಾಗಿ ಬೇಕಿಲ್ಲ.

ಜೋಡಣೆ ಸರಳ. ಎರಡು ಬ್ಯಾಟರಿ ಕ್ಲಿಪ್ಪುಗಳನ್ನು ತೆಗೆದುಕೊಂಡು ಒಂದರ ಕೆಂಪು ತಂತಿಯನ್ನು ಇನ್ನೊಂದರ ಕಪ್ಪು ತಂತಿಗೆ ಬೆಸೆದು, ಬೆಸುಗೆಯ ಮೇಲೆ ಹೀಟ್‌ಶ್ರಿಂಕ್ ಕೊಳವೆ ತೊಡಿಸಬೇಕು. ಉಳಿದ ಕೆಂಪು ತಂತಿ ಪಿಕಪ್ಪುಗಳ ಧನ ತಂತಿಗೂ, ಉಳಿದ ಕಪ್ಪು ತಂತಿ ಸ್ಟೀರಿಯೊ ಜ್ಯಾಕಿನ ರಿಂಗ್ ತುದಿಗೂ ಸೇರುತ್ತವೆ. ಕೇಬಲಿನ ಮೋನೊ ಪ್ಲಗ್ ಒಳಗೆ ಹೋದಾಗ ರಿಂಗ್ ಮತ್ತು ಸ್ಲೀವ್ (ಜ್ಯಾಕಿನ ಗ್ರೌಂಡ್ ತುದಿ) ಒಂದನ್ನೊಂದು ಕೂಡಿ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಪ್ಲಗ್ ತೆಗೆದರೆ ಬ್ಯಾಟರಿ ಕಡಿತವಾಗುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿದರೆ ಅದು ಸಮಾಂತರ ಜೋಡಣೆಯಾಗಿ ವೋಲ್ಟೇಜು 9ರಲ್ಲೇ ಉಳಿಯುತ್ತದೆ. ಆದ್ದರಿಂದ ಬೆಸೆದ ಬಳಿಕ, ಪಿಕಪ್ಪಿಗೆ ಸೇರಿಸುವ ಮೊದಲು, ಮಲ್ಟಿಮೀಟರಿನಲ್ಲಿ 18ರ ಆಸುಪಾಸಿನ ಅಂಕೆ ಕಾಣುತ್ತಿದೆಯೇ ಎಂದು ನೋಡಲೇಬೇಕು.

ಎಚ್ಚರ ಬೇಕಾದ ಮಾತೆಂದರೆ, ಎಲ್ಲ ಆಕ್ಟಿವ್ ಸರ್ಕ್ಯೂಟುಗಳೂ 18 ವೋಲ್ಟನ್ನು ತಾಳಿಕೊಳ್ಳುವುದಿಲ್ಲ. ಇಎಂಜಿ ತಾನೇ ಇದಕ್ಕೆ ವೈರಿಂಗ್ ನಕ್ಷೆ ಕೊಡುತ್ತದೆ. ಆದರೆ ಕೆಲವು ಪ್ರೀಆಂಪುಗಳಲ್ಲಿ 16 ವೋಲ್ಟ್ ಮಿತಿಯ ಕೆಪಾಸಿಟರ್ ಅಥವಾ ಅಂಥದ್ದೇ ಕಡಿಮೆ ಮಿತಿಯ ಆಪ್‌ಆಂಪ್ ಇರುತ್ತದೆ, ಅವು ಕೆಟ್ಟುಹೋಗಬಹುದು. ತಯಾರಕರ ಕೈಪಿಡಿಯಲ್ಲಿ ಗರಿಷ್ಠ ವೋಲ್ಟೇಜು ಸ್ಪಷ್ಟವಾಗಿ ಬರೆದಿರದಿದ್ದರೆ ಕೈ ಹಾಕದಿರುವುದೇ ಲೇಸು. ಜಾಗದ ಕೊರತೆಯಿಂದ ಒಂದೇ ಬ್ಯಾಟರಿಯಿಂದ 18 ವೋಲ್ಟ್ ಮಾಡಿಕೊಡುವ ಚಾರ್ಜ್ ಪಂಪ್ ಚಿಪ್ಪುಗಳನ್ನು ಹಾಕುವವರಿದ್ದಾರೆ. ಇಂಥ ಕೆಲವು ಚಿಪ್ಪುಗಳ ಸ್ವಿಚಿಂಗ್ ಸುಮಾರು 10 ಕಿಲೋಹರ್ಟ್ಸ್‌ನಲ್ಲಿ, ಎಂದರೆ ಕಿವಿಗೆ ಕೇಳುವ ವ್ಯಾಪ್ತಿಯೊಳಗೇ ನಡೆಯುವುದರಿಂದ, ಸಣ್ಣನೆಯ ಸಿಳ್ಳು ನಾದದೊಳಗೆ ನುಸುಳುತ್ತದೆ. ಎರಡನೆಯ ಬ್ಯಾಟರಿಗೆ ಜಾಗ ಮಾಡುವುದೇ ನನ್ನ ಮಟ್ಟಿಗೆ ಸರಿಯಾದ ದಾರಿ. ಎರಡರ ಲೋಹದ ಮೈ ಒಂದಕ್ಕೊಂದು ತಾಗಿ ಸದ್ದು ಮಾಡದಂತೆ ನಡುವೆ ಸ್ಪಂಜು ಇಟ್ಟರೆ ಸಾಕು.

ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಒಂದು ಸ್ಕ್ರೂಡ್ರೈವರಿನಿಂದ ಆಗುವ ಪರೀಕ್ಷೆಯೊಂದಿದೆ. ಪಿಕಪ್ಪನ್ನು ತಂತಿಗಳಿಂದ ಎರಡು-ಮೂರು ಮಿಲಿಮೀಟರಿನಷ್ಟು ಕೆಳಗಿಳಿಸಿ, ಕಡಿಮೆಯಾದ ದನಿಯನ್ನು ಆಂಪ್ಲಿಫೈಯರಿನಲ್ಲಿ ಸರಿದೂಗಿಸಿ, ಮೊದಲಿನಷ್ಟೇ ಬಲವಾಗಿ ನುಡಿಸಬೇಕು. ಪ್ರೀಆಂಪಿಗೆ ಬರುವ ಸಿಗ್ನಲ್ ಚಿಕ್ಕದಾದ ಕಾರಣ ಅದೇ 9 ವೋಲ್ಟಿನಲ್ಲೂ ಹೆಡ್‌ರೂಮ್ ಹೆಚ್ಚಿರುತ್ತದೆ. ಹೀಗೆ ಮಾಡಿದಾಗ ಮೀಟಿನ ಮೊನೆ ಮರಳಿ ಬಂದರೆ ಕ್ಲಿಪ್ಪಿಂಗ್ ಇದ್ದಿರುವ ಸಾಧ್ಯತೆ ಹೆಚ್ಚು, 18 ವೋಲ್ಟಿನ ಕೆಲಸಕ್ಕೆ ಕಾರಣವಿದೆ; ಏನೂ ಬದಲಾಗದಿದ್ದರೆ ಕೊರತೆ ಪಿಕಪ್ಪಿನ ಪೂರೈಕೆಯಲ್ಲಿಲ್ಲ, ಅದನ್ನು ಮುಂದಿನ ಪೆಡಲಿನಲ್ಲೋ ಆಂಪ್ಲಿಫೈಯರಿನಲ್ಲೋ ಹುಡುಕಬೇಕು.