ವಿಂಡೋಸ್‌ನಲ್ಲಿ '7 ದಿನ ತಡೆ' ಬಟನ್ ಬಂದ ಕಥೆ

ವಿಂಡೋಸ್ 10ರ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು 7 ದಿನ ತಡೆಹಿಡಿಯುವ ಬಟನ್ ಇದೆ, ನೋಡಿರಬಹುದು. ಅದು ಸುಮ್ನೆ ಬಂದದ್ದಲ್ಲ.

ವಿಂಡೋಸ್ 98ರ ಕಾಲದಲ್ಲಿ ಬೇಕಾದವರು ಮಾತ್ರ ಅಪ್‌ಡೇಟ್ ಹಾಕಿಕೊಳ್ಳುತ್ತಿದ್ದರು, 2003ರ ಅಕ್ಟೋಬರ್‌ನಿಂದ ತಿಂಗಳ ಎರಡನೇ ಮಂಗಳವಾರ ಅಂತ ದಿನ ಗೊತ್ತಾಯಿತು, ಆಗಲೂ ಬೇಡವೆಂದರೆ ಆಫ್ ಮಾಡಿಡಬಹುದಿತ್ತು. 2015ರ ಜುಲೈನಲ್ಲಿ ವಿಂಡೋಸ್ 10 ಬಂತು. ಅದರ ಹೋಮ್ ಆವೃತ್ತಿಯಲ್ಲಿ ಆ ಸ್ವಿಚ್ಚೇ ಇರಲಿಲ್ಲ. ಅಪ್‌ಡೇಟ್ ಹಾಕದಿದ್ದರೆ ಅಪಾಯ ಎಂಬ ಮಾತು ಸುಳ್ಳೇನಲ್ಲ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿದಾಗ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಆದರೆ 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ ದೊಡ್ಡ ಅಪ್‌ಡೇಟ್, 1809 ಆವೃತ್ತಿ, ಬಿಡುಗಡೆಯಾಯಿತು. ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಖಾಲಿ! ರೀಸೈಕಲ್ ಬಿನ್‌ನಲ್ಲೂ ಇಲ್ಲ. ನಾಲ್ಕು ದಿನದೊಳಗೆ ಬಿಡುಗಡೆಯನ್ನೇ ನಿಲ್ಲಿಸಬೇಕಾಯಿತು.

ಆಗಿದ್ದಿಷ್ಟು. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು 'ಸಿ ಡ್ರೈವ್‌ನಲ್ಲಿ ಏನೂ ಇಡಬೇಡಿ, ಡಿನಲ್ಲಿ ಇಡಿ' ಅಂತ ಹೇಳಿಯೇ ಕಳಿಸುತ್ತಾರಲ್ವಾ? ಹಾಗೆ ಡಾಕ್ಯುಮೆಂಟ್ಸ್ ಫೋಲ್ಡರನ್ನು ಡಿಗೆ ತಿರುಗಿಸಿದರೂ ಹಳೆಯ ಫೋಲ್ಡರ್ ಸಿನಲ್ಲಿ ಉಳಿದುಬಿಡಬಹುದು, ಎಷ್ಟೋ ಸಲ ಒಳಗೆ ಫೈಲುಗಳ ಸಮೇತ. ಹಿಂದಿನ ಆವೃತ್ತಿಯಲ್ಲಿ ಅದೇ ಹೆಸರಿನ ಖಾಲಿ ಜೋಡಿ ಫೋಲ್ಡರ್‌ಗಳು ಕಾಣಿಸಿಕೊಳ್ಳುತ್ತಿವೆ ಅಂತ ದೂರು ಬಂದಿತ್ತು, ಅದಕ್ಕಾಗಿ ಅವನ್ನು ಅಳಿಸುವ ಕೋಡ್ ಸೇರಿಸಿದರು, ಆ ಕೋಡ್ ತುಂಬಿದ ಫೋಲ್ಡರನ್ನೂ ಗುಡಿಸಿಹಾಕಿತು. ಡಿನಲ್ಲಿದ್ದದ್ದು ಉಳಿಯಿತು, ಸಿನಲ್ಲಿ ಮರೆತದ್ದು ಹೋಯಿತು.

ಫೈಲ್ ಹೋಯಿತೆಂದು ದೂರು ಬಂದದ್ದು ಶೇ. 0.01 ಮಾತ್ರ ಅಂತ ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಮಗುವಿನ ಮೊದಲ ವರ್ಷದ ಫೋಟೋ ಕಳೆದುಕೊಂಡವರಿಗೆ ಆ ಲೆಕ್ಕ ಏನು ಮಾಡೀತು? ಅದಕ್ಕಿಂತ ನೋವಿನ ವಿಷಯ, ಬಿಡುಗಡೆಗೆ ಮೊದಲೇ ಪರೀಕ್ಷಾ ಆವೃತ್ತಿ ಬಳಸುತ್ತಿದ್ದ ಕೆಲವರು ಇದನ್ನು ಬರೆದು ತಿಳಿಸಿದ್ದರು. ಬೇರೆ ಬಳಕೆದಾರರ ಮತ ಜಾಸ್ತಿ ಬೀಳದೆ ಆ ದೂರುಗಳು ಪಟ್ಟಿಯಲ್ಲಿ ಕೆಳಗೇ ಉಳಿದವು. ತೊಂದರೆ ಎಷ್ಟು ಗಂಭೀರ ಅಂತ ಗುರುತು ಹಾಕುವ ಸೌಲಭ್ಯ ಬಂದದ್ದು ಆಮೇಲೆ.

ಸರಿಪಡಿಸಿದ 1809 ನವೆಂಬರ್ 13ರಂದು ಮತ್ತೆ ಬಂತು. 2019ರ ಮೇ ಆವೃತ್ತಿಯಲ್ಲಿ ಹೋಮ್ ಬಳಸುವವರಿಗೂ ತಡೆಯುವ ಅವಕಾಶ ಸಿಕ್ಕಿತು: ಒಂದು ಸಲಕ್ಕೆ 7 ದಿನ, ಒಟ್ಟು 35. ಮೊದಲೇ ಕೊಡಬಹುದಿತ್ತು.

ಫೈಲ್ ಕಾಣದಿದ್ದಾಗೆಲ್ಲ ಅಳಿಸಿಹೋಗಿದೆ ಅಂದುಕೊಳ್ಳಬೇಡಿ. 2020ರ ಫೆಬ್ರವರಿಯ ಅಪ್‌ಡೇಟ್ ಆದ ಮೇಲೆ ಕೆಲವರಿಗೆ ಡೆಸ್ಕ್‌ಟಾಪ್ ಹೊಸದರಂತೆ ಖಾಲಿಯಾಗಿ ಕಂಡಿತ್ತು, ಕಂಪ್ಯೂಟರ್ ತಾತ್ಕಾಲಿಕ ಖಾತೆಯಲ್ಲಿ ತೆರೆದುಕೊಂಡಿತ್ತು ಅಷ್ಟೇ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆದು ನೋಡಿ. ನಿಮ್ಮ ಹೆಸರಿನ ಕೊನೆಗೆ ಚುಕ್ಕಿ ಇಟ್ಟು 000 ಅಥವಾ ಬಿಎಕೆ (bak) ಅಂತ ಇರುವ ಫೋಲ್ಡರ್ ಸಿಕ್ಕರೆ ಫೈಲುಗಳು ಅದರೊಳಗೇ ಇರುತ್ತವೆ. ಅಲ್ಲೂ ಸಿಗದಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ಬರೆಯಬೇಡಿ, ಫೈಲ್ ಮರಳಿ ತರುವ ಸಾಫ್ಟ್‌ವೇರನ್ನೂ ಅದರಲ್ಲೇ ಇನ್‌ಸ್ಟಾಲ್ ಮಾಡಬೇಡಿ. ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಹುಡುಕಿಸಿ.