ಕ್ಯಾಮೆರಾ ಎದುರು ರಂಗನಟ: ‘ಕಡಿಮೆ ಮಾಡಿ’ ಎಂಬ ಸಲಹೆಗಿಂತ ಮುಂದಿನ ಮಾತು

ರಂಗಭೂಮಿಯಲ್ಲಿ ಪಳಗಿದವರು ಮೊದಲ ಸಲ ಶೂಟಿಂಗಿಗೆ ಹೊರಟಾಗ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: ‘ಸ್ವಲ್ಪ ಕಡಿಮೆ ಮಾಡಿ.’ ಇದನ್ನು ಅಕ್ಷರಶಃ ಪಾಲಿಸಿದ ನಟರು ಮುಖ ಬಿಗಿಹಿಡಿದು, ದನಿ ಅಡಗಿಸಿ, ಪಾತ್ರದ ಒಳಗಿನ ಬಿಸಿಯನ್ನೂ ಆರಿಸಿಬಿಡುತ್ತಾರೆ. ತೆರೆಯ ಮೇಲೆ ಬರೀ ಖಾಲಿತನ ಕಾಣುತ್ತದೆ. ಅಭಿನಯದ ಗಾತ್ರ ಹೊಂದಿಸಿಕೊಳ್ಳುವುದು ಕೆಲವೇ ದಿನಗಳ ಅಭ್ಯಾಸದ ಮಾತು. ಬಹುಕಾಲ ಕಾಡುವುದು ಬೇರೆ, ಅದು ಕಾಲದ ಲೆಕ್ಕ. ನಾಟಕದ ಎರಡು ಗಂಟೆ ನಟನನ್ನು ತಾನೇ ಹೊತ್ತು ಸಾಗುತ್ತದೆ. ಮೊದಲ ಅಂಕದ ಅವಮಾನ ಮೈಯಲ್ಲಿ ಉಳಿದಿರುವುದರಿಂದಲೇ ಮೂರನೇ ಅಂಕದ ಸಿಟ್ಟು ತಾನಾಗಿ ಬರುತ್ತದೆ. ಶೂಟಿಂಗಿನಲ್ಲಿ ಮೂರನೇ ಅಂಕವನ್ನು ಮೊದಲ ದಿನ ಬೆಳಿಗ್ಗೆ ಏಳಕ್ಕೇ ತೆಗೆಯಬಹುದು, ಅವಮಾನದ ದೃಶ್ಯ ತಿಂಗಳ ನಂತರ ಬರಬಹುದು. ಒಂದು ಜಾಗದಲ್ಲಿ ನಡೆಯುವ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸಿದರೆ ಖರ್ಚು ಉಳಿಯುತ್ತದೆ, ಹಾಗಾಗಿ ಇದು ಬದಲಾಗುವಂಥದ್ದಲ್ಲ.

ಇದಕ್ಕೆ ಮದ್ದು ನಟನೇ ಬರೆದಿಟ್ಟುಕೊಳ್ಳುವ ಒಂದು ನೋಟ್‌ಬುಕ್. ಚಿತ್ರಕಥೆಯನ್ನು ಕಥೆಯ ಕ್ರಮದಲ್ಲಿ ಕನಿಷ್ಠ ಮೂರು ಸಲ ಓದಿ, ನಿಮ್ಮ ಪಾತ್ರ ಬರುವ ಪ್ರತಿ ದೃಶ್ಯಕ್ಕೂ ಅರ್ಧ ಪುಟ ಮೀಸಲಿಡಿ. ದೃಶ್ಯದ ಸಂಖ್ಯೆ, ಕಥೆಯಲ್ಲಿ ಅದು ಎಷ್ಟನೇ ದಿನ, ಯಾವ ಹೊತ್ತು, ಪಾತ್ರ ಎಲ್ಲಿಂದ ಬರುತ್ತಿದೆ, ಮೈಯ ಸ್ಥಿತಿ ಹೇಗಿದೆ (ನಿದ್ದೆಗೆಟ್ಟಿದೆಯೇ, ಮೆಟ್ಟಿಲು ಹತ್ತಿ ಬಂದಿದೆಯೇ, ಮೊಣಕೈಗೆ ಗಾಯವಾಗಿದೆಯೇ), ಈ ಹೊತ್ತಿಗೆ ಪಾತ್ರಕ್ಕೆ ಏನು ಗೊತ್ತು ಎಂಬುದನ್ನೆಲ್ಲ ಬರೆಯಿರಿ. ಅದರ ಕೆಳಗೆ ಇನ್ನೂ ಏನು ಗೊತ್ತಿಲ್ಲ ಎಂಬುದನ್ನು ಬೇರೆಯಾಗಿ ಬರೆಯಿರಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಎಡವುವುದೂ ಇಲ್ಲೇ. ತಮ್ಮನ ಸಾವಿನ ದೃಶ್ಯವನ್ನು ಸೋಮವಾರ ಅಭಿನಯಿಸಿದ ನಟ, ಅದೇ ತಮ್ಮನೊಂದಿಗೆ ಜಗಳವಾಡುವ ಹಿಂದಿನ ದೃಶ್ಯವನ್ನು ಗುರುವಾರ ಮಾಡುವಾಗ ತನಗರಿವಿಲ್ಲದೆ ಕಣ್ಣಲ್ಲಿ ಕನಿಕರ ತಂದುಕೊಳ್ಳುತ್ತಾನೆ. ಸಂಕಲನದ ಮೇಜಿನ ಮೇಲೆ ಎರಡೂ ಕ್ರಮವಾಗಿ ಕೂತಾಗ ಜಗಳ ಸಪ್ಪೆಯಾಗುತ್ತದೆ, ಸಾವಿನ ಪೆಟ್ಟೂ ಅರ್ಧವಾಗುತ್ತದೆ. ಆಗ ಸರಿಪಡಿಸಲು ಯಾರಿಂದಲೂ ಆಗದು.

ಪ್ರತಿ ದೃಶ್ಯದ ಭಾವದ ಏರಿಗೆ 1ರಿಂದ 10ರೊಳಗೆ ಒಂದು ಅಂಕಿಯನ್ನೂ ಕೊಡಿ. ಅಷ್ಟನ್ನೂ ಒಂದು ಗೆರೆಯಲ್ಲಿ ಎಳೆದು ನೋಡಿದರೆ, ಆರನೇ ದೃಶ್ಯಕ್ಕೇ ಒಂಬತ್ತು ಕೊಟ್ಟು ಕೊನೆಗೆ ಏನೂ ಉಳಿಸಿಕೊಂಡಿಲ್ಲವೆಂಬುದು ಮೊದಲೇ ಗೊತ್ತಾಗುತ್ತದೆ. ಶೂಟಿಂಗ್ ದಿನ ಆ ದೃಶ್ಯದ ಜೊತೆ ಅದರ ಹಿಂದಿನದನ್ನೂ ಮುಂದಿನದನ್ನೂ ಓದಿಕೊಂಡೇ ಮೇಕಪ್‌ಗೆ ಕೂರಿ. ಅಂಗಿಯ ಗುಂಡಿ, ಲೋಟದಲ್ಲಿ ಉಳಿದ ನೀರು, ಗಾಯದ ಪಟ್ಟಿ ಇವುಗಳ ಕಂಟಿನ್ಯೂಯಿಟಿ (ಶಾಟ್‌ನಿಂದ ಶಾಟ್‌ಗೆ ಹೊಂದಿಕೆ) ನೋಡಲು ಸೆಟ್ಟಿನಲ್ಲಿ ಜನರಿರುತ್ತಾರೆ. ಉಸಿರಿನ ಕಂಟಿನ್ಯೂಯಿಟಿ ನೋಡುವವರು ನೀವೊಬ್ಬರೇ. ಮೂರು ವಾರದ ಹಿಂದೆ ತೆಗೆದ ಶಾಟ್‌ನಲ್ಲಿ ಓಡುತ್ತ ಬಾಗಿಲಿಗೆ ಬಂದಿದ್ದರೆ, ಇಂದು ಒಳಗಿನ ಶಾಟ್‌ಗೆ ಮುನ್ನ ಜಾಗದಲ್ಲೇ ಅರ್ಧ ನಿಮಿಷ ಜಿಗಿಯಿರಿ. ಏದುಸಿರನ್ನು ನಟಿಸಿದರೆ ಭುಜ ಮಾತ್ರ ಏರಿಳಿಯುತ್ತದೆ, ಹೊಟ್ಟೆ ಅಲ್ಲಾಡುವುದಿಲ್ಲ. ಕ್ಯಾಮೆರಾಕ್ಕೆ ಅದು ಕಾಣುತ್ತದೆ.

ಇನ್ನು ಗಾತ್ರದ ವಿಚಾರ. ಇದನ್ನು ಲೆಕ್ಕದಿಂದಲೇ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. ಸುಮಾರು 22 ಸೆಂಟಿಮೀಟರ್ ಉದ್ದದ ಮುಖ ಕ್ಲೋಸಪ್‌ನಲ್ಲಿ 5 ಮೀಟರ್ ಎತ್ತರದ ತೆರೆಯನ್ನು ತುಂಬಿದರೆ ಇಪ್ಪತ್ತೆರಡು ಪಟ್ಟಿಗೂ ಹೆಚ್ಚು ಹಿಗ್ಗಿದಂತೆ. ಹುಬ್ಬು ಅರ್ಧ ಸೆಂಟಿಮೀಟರ್ ಏರಿದರೆ ನೋಡುವವರಿಗೆ ಅದು ಅರ್ಧ ಗೇಣಿನಷ್ಟು ಚಲನೆ. ಅದೇ ಹುಬ್ಬು ವೈಡ್ ಶಾಟ್‌ನಲ್ಲಿ ಕಾಣಿಸುವುದೇ ಇಲ್ಲ, ಅಲ್ಲಿ ಇಡೀ ಮೈ ಮಾತಾಡಬೇಕು. ಆದ್ದರಿಂದ ಪ್ರತಿ ಶಾಟ್‌ಗೆ ಮುನ್ನ ‘ಫ್ರೇಮ್ ಎಲ್ಲಿಂದ ಎಲ್ಲಿಗೆ?’ ಎಂದು ಛಾಯಾಗ್ರಾಹಕರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಅನುಭವಿಗಳೂ ಕೇಳುತ್ತಾರೆ. ಭಾವದ ತೀವ್ರತೆ ಎರಡಕ್ಕೂ ಒಂದೇ, ಅದು ಹೊರಬರುವ ದಾರಿ ಮಾತ್ರ ಬೇರೆ.

ಫೋಕಸ್ ಇನ್ನೂ ಬಿಗಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ (ಅಂದರೆ ಬೆಳಕಿನ ಕಿಂಡಿ ಅಗಲವಾಗಿ) ತೆರೆದು ಒಂದೂವರೆ ಮೀಟರ್ ದೂರದಲ್ಲಿ ನಿಂತ ನಟನನ್ನು ಚಿತ್ರಿಸಿದರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಮೂರು ಸೆಂಟಿಮೀಟರ್ ಚಿಲ್ಲರೆ. ತಾಲೀಮಿನಲ್ಲಿ ಇಲ್ಲದ ಒಂದು ಬಾಗು ಟೇಕ್‌ನಲ್ಲಿ ಬಂದರೆ ಕಣ್ಣು ಮಬ್ಬಾಗುತ್ತದೆ, ಅತ್ಯುತ್ತಮ ಅಭಿನಯವೂ ಕಸದ ಬುಟ್ಟಿಗೆ. ನೆಲದ ಮೇಲೆ ಅಂಟಿಸಿದ ಮಾರ್ಕ್ ಮುಟ್ಟಲು ಸುಲಭದ ದಾರಿಯಿದೆ. ಮೊದಲು ಮಾರ್ಕ್ ಮೇಲೆ ನಿಂತು, ಹೊರಡುವ ಜಾಗದವರೆಗೆ ಹಿಮ್ಮುಖವಾಗಿ ಹೆಜ್ಜೆ ಎಣಿಸಿ. ಅಷ್ಟೇ ಹೆಜ್ಜೆ ಮುಂದೆ ಬಂದರೆ ಜಾಗ ಸಿಗುತ್ತದೆ. ಜೊತೆಗೆ ಮೇಜಿನ ಮೂಲೆ, ಬಾಗಿಲ ಚೌಕಟ್ಟಿನಂಥ ಗುರುತೊಂದನ್ನು ಓರೆಗಣ್ಣಿಗೆ ಇಟ್ಟುಕೊಳ್ಳಿ. ಆಗಲೂ ತಪ್ಪಿದರೆ ಪಾದಕ್ಕೆ ತಾಗುವಂತೆ ಒಂದು ಮರಳು ಚೀಲ ಇಡಿಸಿ.

ಲುಕ್ ಕೊಡುವಾಗ ಎದುರಿನವರ ಎರಡು ಕಣ್ಣುಗಳ ನಡುವೆ ದೃಷ್ಟಿ ಓಡಾಡಬಾರದು. ರಂಗದ ಮೇಲೆ ಯಾರೂ ಗಮನಿಸದ ಈ ಓಡಾಟ ಕ್ಲೋಸಪ್‌ನಲ್ಲಿ ಕಳ್ಳನೋಟದಂತೆ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣೊಂದನ್ನೇ ಹಿಡಿಯಿರಿ.

ಒಂದೇ ದೃಶ್ಯವನ್ನು ಮಾಸ್ಟರ್ (ಇಡೀ ದೃಶ್ಯ ಒಟ್ಟಿಗೆ ಕಾಣುವ ಶಾಟ್), ಸಜೆಶನ್ (ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವ ಶಾಟ್), ಕ್ಲೋಸಪ್ ಎಂದು ಕೋನ ಬದಲಿಸುತ್ತ ಮತ್ತೆ ಮತ್ತೆ ತೆಗೆಯುತ್ತಾರೆ. ಮಾಸ್ಟರ್‌ನಲ್ಲಿ ಯಾವ ಪದಕ್ಕೆ ಲೋಟ ಎತ್ತಿದಿರೋ ಪ್ರತಿ ಕೋನದಲ್ಲೂ ಅದೇ ಪದಕ್ಕೆ ಎತ್ತಬೇಕು. ಇಲ್ಲದಿದ್ದರೆ ಸಂಕಲನಕಾರರಿಗೆ ಕತ್ತರಿಸಲು ಜಾಗವೇ ಇರುವುದಿಲ್ಲ, ನಿಮ್ಮ ಒಳ್ಳೆಯ ಟೇಕ್ ಬಿಟ್ಟು ಕೈ ಹೊಂದುವ ಸಾಧಾರಣ ಟೇಕ್ ಬಳಸಬೇಕಾಗುತ್ತದೆ. ಹಾಗಾಗಿ ದೃಶ್ಯಕ್ಕೆ ಎರಡೋ ಮೂರೋ ಕೈಕೆಲಸ ಸಾಕು, ಅವನ್ನು ಪದಕ್ಕೆ ಕಟ್ಟಿಹಾಕಿ, ಭಾವವನ್ನು ಮಾತ್ರ ಸಡಿಲ ಬಿಡಿ. ಕಣ್ಣೀರನ್ನು ಮಾಸ್ಟರ್‌ನಲ್ಲೇ ಸುರಿಸಿ ಮುಗಿಸಬೇಡಿ. ಎರಡು ಸಲಕ್ಕಿಂತ ಹೆಚ್ಚು ಅಳಲಾಗದು ಎನಿಸಿದರೆ ಕ್ಲೋಸಪ್ ಮೊದಲು ತೆಗೆಯಬಹುದೇ ಎಂದು ನಿರ್ದೇಶಕರನ್ನು ಮೊದಲೇ ಕೇಳಿಕೊಳ್ಳಿ. ಎದುರಿನವರ ಕ್ಲೋಸಪ್ ನಡೆಯುವಾಗ ಕ್ಯಾಮೆರಾ ಪಕ್ಕದಲ್ಲಿ ನಿಂತು ಪೂರ್ತಿ ಅಭಿನಯ ಕೊಡುವುದು ಕರ್ತವ್ಯ. ಫೋನ್ ನೋಡುತ್ತ ಮಾತು ಒಪ್ಪಿಸುವವರನ್ನು ಒಳ್ಳೆಯ ನಟರೆಂದು ಒಪ್ಪುವುದು ಕಷ್ಟ.

ಪ್ರತಿಕ್ರಿಯೆಯ ಶಾಟ್‌ಗಳಲ್ಲಿ ಮುಖದಿಂದ ವಿವರಣೆ ಕೊಡಲು ಹೋಗಬೇಡಿ. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವದ ತುಣುಕನ್ನು ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದಾಗ ಪ್ರೇಕ್ಷಕರು ಒಮ್ಮೆ ಹಸಿವನ್ನು, ಒಮ್ಮೆ ದುಃಖವನ್ನು ಅದೇ ಮುಖದಲ್ಲಿ ಕಂಡರೆಂಬುದು ಸಿನಿಮಾ ಪಾಠಗಳಲ್ಲಿ ಇಂದಿಗೂ ಬರುತ್ತದೆ. ನೀವು ನಿಜವಾಗಿ ಕೇಳಿಸಿಕೊಂಡರೆ ಸಾಕು, ಉಳಿದ ಅರ್ಥವನ್ನು ಪಕ್ಕದ ಶಾಟ್ ತುಂಬುತ್ತದೆ.

ಧ್ವನಿಯಲ್ಲಿ ಆಗುವ ತಪ್ಪುಗಳು ಸಣ್ಣವು, ನಷ್ಟ ದೊಡ್ಡದು. ತಾಲೀಮಿನಲ್ಲಿ ಪಿಸುಗುಟ್ಟಿ ಟೇಕ್‌ನಲ್ಲಿ ಕೂಗಿದರೆ ರೆಕಾರ್ಡಿಂಗ್ ಒಡೆಯುತ್ತದೆ, ಏಕೆಂದರೆ ಧ್ವನಿಗ್ರಾಹಕರು ಮಟ್ಟ ಹೊಂದಿಸಿದ್ದು ನಿಮ್ಮ ತಾಲೀಮಿಗೆ. ಎದೆಗೆ ಸಿಕ್ಕಿಸಿದ ಮೈಕಿಗೆ ಕೈ ತಾಗಬಾರದು. ಕ್ಲೋಸಪ್‌ನಲ್ಲಿ ಎದುರಿನವರ ಮಾತಿನ ಮೇಲೆ ಮಾತು ಹಾಕಬೇಡಿ, ಕೂದಲೆಳೆಯಷ್ಟು ಬಿಡುವು ಕೊಡಿ. ಡಬ್ಬಿಂಗ್‌ನಲ್ಲಿ ಮೂರು ಬೀಪ್ ಕೇಳಿಸಿದರೆ ನಾಲ್ಕನೆಯದು ಬರಬೇಕಾದ ಹೊತ್ತಿಗೆ ಮಾತು ಶುರು. ಶೂಟಿಂಗಿನಲ್ಲಿ ಬಗ್ಗಿ ಆಡಿದ ಮಾತನ್ನು ಬಗ್ಗಿಯೇ ಆಡಿ, ನೇರ ನಿಂತರೆ ಉಸಿರಿನ ಬಣ್ಣವೇ ಬೇರೆ.

ಎರಡೂ ಕಡೆ ದುಡಿಯುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ಗಡ್ಡ, ಮೀಸೆ, ಕೂದಲು ಯಾವ ತಾರೀಖಿನವರೆಗೆ ಹೀಗೇ ಇರಬೇಕು? ಬಿಟ್ಟುಹೋದ ಶಾಟ್‌ಗಳಿಗೆ ಮತ್ತೆ ಕರೆ ಬರುತ್ತದೆ, ಅಷ್ಟರಲ್ಲಿ ನಾಟಕಕ್ಕಾಗಿ ತಲೆ ಬೋಳಿಸಿದ್ದರೆ ಎರಡೂ ತಂಡಕ್ಕೆ ತೊಂದರೆ.

ವರ್ಷಗಟ್ಟಲೆ ಸಿನಿಮಾ ಮಾಡಿ ರಂಗಕ್ಕೆ ಮರಳುವವರಲ್ಲಿ ಮೊದಲು ಬೀಳುವುದು ವಾಕ್ಯದ ಕೊನೆ. ಮೈಕಿಗೆ ಒಗ್ಗಿದ ದನಿ ಕೊನೆಯ ಪದಕ್ಕೆ ಬರುವಾಗ ಉಸಿರಿಲ್ಲದೆ ಕುಸಿಯುತ್ತದೆ. ಕನ್ನಡದಲ್ಲಿ ಇದು ಹೆಚ್ಚು ಅಪಾಯ, ಏಕೆಂದರೆ ಕ್ರಿಯಾಪದ ಕೂತಿರುವುದೇ ಅಲ್ಲಿ. ‘ಬರುತ್ತೇನೆ’, ‘ಬರುವುದಿಲ್ಲ’ ಎರಡಕ್ಕೂ ವ್ಯತ್ಯಾಸ ಬಾಲದಲ್ಲಿದೆ, ಅದು ಕೇಳಿಸದಿದ್ದರೆ ಹಿಂದಿನ ಸಾಲಿಗೆ ಅರ್ಥವೇ ತಿರುವುಮುರುವು. ಮೊದಲ ಪ್ರದರ್ಶನಕ್ಕೆ ನಾಲ್ಕು ವಾರವಿರುವಾಗಲೇ ದಿನಕ್ಕೆ ಇಪ್ಪತ್ತು ನಿಮಿಷ ಇದಕ್ಕೆ ಕೊಡಿ. ಖಾಲಿ ಸಭಾಂಗಣದ ಕೊನೆಯ ಸಾಲಿನಲ್ಲಿ ಒಬ್ಬರನ್ನು ಕೂರಿಸಿ, ಸಂಭಾಷಣೆಯನ್ನು ಸಹಜ ವೇಗದಲ್ಲಿ ಆಡಿ, ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಅವರು ಬರೆದುಕೊಳ್ಳಲಿ. ಅವರ ಹಾಳೆಯಲ್ಲಿ ಬಿಟ್ಟುಹೋದ ಪದಗಳಿದ್ದ ವಾಕ್ಯಗಳಿಗೆ ಉಸಿರು ತೆಗೆದುಕೊಳ್ಳುವ ಜಾಗ ಬದಲಿಸಿ, ಮರುದಿನ ಅವನ್ನೇ ಮತ್ತೆ ಆಡಿ ನೋಡಿ.